ಕಿಂಡಿಯ ಇಟ್ಟಿಗೆ

ಮನೆ, ಭಟ್ಟಿ ಕೋಣೆಯ ಕಟ್ಟೆ
ತಾ. ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಉಸಿರು ಹೇಗಿದೆ? ಮೊದಲು ಅದನ್ನು ಹೇಳಿ, ಉಳಿದದ್ದೆಲ್ಲ ಆಮೇಲೆ. ಮೂಗಿಗೆ ಹಾಕಿದ ಆಕ್ಸಿಜನ್ ಪೈಪನ್ನು ಯಾರೂ ನೋಡದಾಗ ತೆಗೆದು ದಿಂಬಿನ ಕೆಳಗೆ ಇಡುತ್ತೀರಂತೆ, ನರ್ಸ್ ಹೇಳಿದಳು. ಕಿರಿಕಿರಿ ಆಗುತ್ತದೆ ನಿಜ, ಆದರೂ ಇರಲಿ ಬಿಡಿ. ಕೆಮ್ಮಿದಾಗ ಮತ್ತೆ ರಕ್ತ ಕಂಡರೆ ಕರವಸ್ತ್ರ ಮಡಚಿ ಬಚ್ಚಿಡಬೇಡಿ, ಅವಳಿಗೆ ತೋರಿಸಿ. ಬಚ್ಚಿಡುವುದರಲ್ಲಿ ನೀವು ಎಂಥ ಪಳಗಿದ ಕೈ ಅನ್ನುವುದು ನನಗೆ ಈ ವಾರ ಚೆನ್ನಾಗಿಯೇ ಗೊತ್ತಾಗಿದೆ. ಆ ಕಥೆ ಮುಂದೆ ಬರುತ್ತದೆ. ಫೋನ್ ಮಾಡೋಣವೆಂದರೆ ನೀವು ಸುಮ್ಮನೆ ಕೇಳಿಸಿಕೊಳ್ಳುವವರಲ್ಲ, ಮಾತಿಗೆ ಮಾತು ಕೊಡಲು ಹೋಗಿ ಕೆಮ್ಮು ಹತ್ತಿಸಿಕೊಳ್ಳುತ್ತೀರಿ, ಆಮೇಲೆ ಆ ಹುಡುಗಿ ನನ್ನನ್ನು ಗದರುತ್ತಾಳೆ. ಕಾಗದವಾದರೆ ನಾನು ಹೇಳುವುದನ್ನು ಕೊನೆಯವರೆಗೆ ಕೇಳಲೇಬೇಕು, ಎದುರುತ್ತರ ಕೊಡುವಂತಿಲ್ಲ. ಮದುವೆಯಾದಾಗಿನಿಂದ ಇಂಥ ಅವಕಾಶ ಸಿಕ್ಕಿರಲಿಲ್ಲ ನನಗೆ.

ನಿಮ್ಮಕ್ಕ ಗಟ್ಟಿಮುಟ್ಟಾಗಿದ್ದಾರೆ. ಈ ವಯಸ್ಸಿನಲ್ಲೂ ಮಣ್ಣು ನಾದಲು ಕೂತರೆ ನನ್ನನ್ನು ಹತ್ತಿರ ಬಿಡುವುದಿಲ್ಲ, ನಾನು ನಾದಿದರೆ ಗಾಳಿ ಉಳಿಯುತ್ತದಂತೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಬಾಗಿಲು ಬಡಿದರೆ ಕೇಳಿಸುವುದಿಲ್ಲ, ನಾನು ಅಡುಗೆ ಮನೆಯಲ್ಲಿ ಅವರ ಬಗ್ಗೆ ಗೊಣಗಿದ್ದು ಹೇಗೋ ಕೇಳಿಸುತ್ತದೆ. ನಿಮ್ಮ ಚಪ್ಪಲಿಯನ್ನು ಹಿಂದಿನ ಬಾಗಿಲ ಹತ್ತಿರ ನೀವು ಬಿಟ್ಟ ಕಡೆಯೇ ಬಿಟ್ಟಿದ್ದೇವೆ. ಕಸ ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತೇನೆ. 

ಈಗ ದೊಡ್ಡ ಜಾಡಿಯ ವಿಚಾರ. ಪ್ರತಿ ಸಲ ನರ್ಸ್ ಬಾಯಲ್ಲಿ ಅದನ್ನೇ ಕೇಳಿಸುತ್ತೀರಿ, ಬೇರೆ ಯಾವುದೂ ನೆನಪಾಗುವುದಿಲ್ಲ ನಿಮಗೆ. ಇಲ್ಲ, ಇನ್ನೂ ಸುಟ್ಟಿಲ್ಲ. ಹಲಗೆಯ ಮೇಲೆ ಮುಚ್ಚಳದ ಸಮೇತ ನೀವು ಇಟ್ಟ ಹಾಗೇ ಇದೆ. ಅದನ್ನು ಚಕ್ರದ ಮೇಲೆ ಎತ್ತುವಾಗ ನಡುನಡುವೆ ಚಕ್ರದ ಚೌಕಟ್ಟಿಗೆ ಹಣೆ ಆನಿಸಿ ಉಸಿರು ಹಿಡಿಯುತ್ತಿದ್ದಿರಿ. ಬೇಡ ಬಿಡಿ ಅಂತ ನಾನು ಎಷ್ಟು ಹೇಳಿದೆ. "ಇದೊಂದು ಮುಗಿಸ್ತೀನಿ, ಇದೊಂದೇ" ಅಂದಿರಿ. ಅದಾದ ವಾರದೊಳಗೆ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದೆವು. ಇದೊಂದೇ ಅಂದಿದ್ದು ನನಗೆ ಆಗ ಸುಮ್ಮನೆ ಬಾಯಿಮಾತಿನ ಹಾಗೆ ಕೇಳಿಸಿತ್ತು, ಈಗ ಹಾಗೆ ಕೇಳಿಸುವುದಿಲ್ಲ. ಅದಕ್ಕೇ ಆ ಜಾಡಿಯನ್ನು ಭಟ್ಟಿಯೊಳಗೆ ಇಡಲು ಕೈ ಬರುತ್ತಿಲ್ಲ. ಅದೊಂದು ಒಡೆದರೆ ಅಂಥದ್ದನ್ನು ಮಾಡಲು ಈ ಮನೆಯಲ್ಲಿ ಇನ್ಯಾರೂ ಇಲ್ಲ.

ಕೈ ಬರದೆ ಇರಲು ಕಾರಣವೂ ಇದೆ. ನೀವು ಹೋದ ಮೇಲೆ ಚಿಕ್ಕ ಕುಡಿಕೆಗಳನ್ನು ಎರಡು ಸಲ ಭಟ್ಟಿಗೆ ಹಾಕಿದೆ. ಎರಡು ಸಲವೂ ಅರ್ಧಕ್ಕರ್ಧ ಒಡೆದವು. ನಿಮಗೆ ಗೊತ್ತಿರುವುದನ್ನೇ ನಾನು ಬರೆಯುತ್ತಿದ್ದೇನೆ ಅಂತ ನಗಬೇಡಿ, ಇಷ್ಟು ವರ್ಷ ಮೆರುಗು ಬಳಿದುಕೊಂಡು ಇದ್ದವಳಿಗೆ ಭಟ್ಟಿಯ ಸಂಗತಿ ಅರ್ಥವಾಗಿದ್ದು ಈಗಲೇ. ಒಣಗಿದ ಹಾಗೆ ಕಾಣುವ ಮಣ್ಣಿನೊಳಗೂ ನೀರು ಇರುತ್ತದೆ. ಅದು ಕುದಿಯುವ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಭಟ್ಟಿಯನ್ನು ತುಂಬಾ ಹೊತ್ತು ನಿಲ್ಲಿಸಬೇಕು, ಇದ್ದ ನೀರೆಲ್ಲ ಸದ್ದಿಲ್ಲದೆ ಹೊರಗೆ ಹೋಗಬೇಕು. ಅವಸರದಲ್ಲಿ ಆ ಗೆರೆ ದಾಟಿಸಿದರೆ ಒಳಗಿನ ನೀರು ಆವಿಯಾಗಿ ಗೋಡೆಯನ್ನು ಒದ್ದುಕೊಂಡು ಹೊರಗೆ ಬರುತ್ತದೆ. ಗೋಡೆ ದಪ್ಪವಿದ್ದಷ್ಟೂ ಅಪಾಯ ಜಾಸ್ತಿ. ನಿಮ್ಮ ಜಾಡಿಯ ತಳ ನನ್ನ ಹೆಬ್ಬೆರಳಿಗಿಂತ ದಪ್ಪ ಇದೆ.

ಈ ನಿಲ್ಲಿಸುವ ಕೆಲಸಕ್ಕೇ ಅಲ್ಲವೇ ಆ ಕಂಟ್ರೋಲರ್ ಡಬ್ಬಿ ತಂದು ಗೋಡೆಗೆ ಹಾಕಿಸಿದ್ದು? ನೀವಿದ್ದಾಗ ಅದು ಎಷ್ಟು ಸಾಧುವಾಗಿತ್ತು. ಗುಂಡಿ ಒತ್ತಿದರೆ ಹೇಳಿದಲ್ಲಿಗೆ ಏರಿ, ಹೇಳಿದಷ್ಟು ಹೊತ್ತು ನಿಲ್ಲುತ್ತಿತ್ತು. ನನ್ನ ಕೈಗೆ ಬಂದದ್ದೇ ತಡ ಅದಕ್ಕೆ ಏನು ಬಂತೋ. ಗೆರೆಯವರೆಗೆ ಬಿರಬಿರನೆ ಏರಿತು, ಡಬ್ಬಿ ಕರೆಂಟು ಕಡಿಯಿತು, ಆದರೆ ಅಷ್ಟರಲ್ಲಿ ಇಟ್ಟಿಗೆಗಳು ಹೀರಿಕೊಂಡ ಬಿಸಿ ಎಲ್ಲಿ ಹೋಗಬೇಕು? ಕರೆಂಟು ಇಲ್ಲದೆಯೂ ಏರುತ್ತಲೇ ಹೋಯಿತು. ಆಮೇಲೆ ನಿಧಾನವಾಗಿ ಇಳಿದು ಗೆರೆಯ ಕೆಳಗೆ ಬಂದಾಗ ಡಬ್ಬಿಗೆ ಗಾಬರಿಯಾಗಿ ಪೂರ್ತಿ ಕರೆಂಟು ಸುರಿಯಿತು, ಮತ್ತೆ ಗೆರೆ ದಾಟಿತು. ಒಳಗಿನಿಂದ ಟಪ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಕಟ್ಟೆಯ ಮೇಲೆ ಕೂತು ಒಂದೊಂದನ್ನೂ ಕೇಳಿಸಿಕೊಂಡೆ, ಬಾಗಿಲು ತೆರೆಯುವಂತೆಯೂ ಇಲ್ಲ, ಎದ್ದು ಹೋಗುವಂತೆಯೂ ಇಲ್ಲ.

ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅದೇ, ತಲೆಯ ಮೇಲೆ ಒಂದು ಕೂದಲೂ ಇಲ್ಲವೆಂದು ನೀವು ಬಲ್ಬು ಅಂತ ಹೆಸರಿಟ್ಟಿರುವವನು. ಪಾಪ, ನಿಮ್ಮನ್ನು ವಿಚಾರಿಸಿದ, ಕಣ್ಣು ಒರೆಸಿಕೊಂಡ, ಆಮೇಲೆ ಮೀಟರು ಹಿಡಿದು ಒಂದೊಂದನ್ನೇ ನೋಡಿದ. ಕಾಯಿಲ್ ಸರಿ ಇದೆ, ಬಿಸಿ ಅಳೆಯುವ ಕಡ್ಡಿ ಸರಿ ಇದೆ, ಡಬ್ಬಿಯೂ ಸರಿ ಇದೆ. ಕೊನೆಗೆ ಡಬ್ಬಿಯೊಳಗಿನ ನಂಬರುಗಳನ್ನು ತೆರೆದು ತುಂಬಾ ಹೊತ್ತು ನೋಡುತ್ತಾ ನಿಂತ. ಡಬ್ಬಿ ಹಾಕಿದ ದಿನ ಅದನ್ನು ಟ್ಯೂನ್ ಮಾಡಿಸಿದ್ದು ನೆನಪಿದೆಯಲ್ಲ? ಅದು ತಾನೇ ಭಟ್ಟಿಗೆ ಬಿಸಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಈ ಭಟ್ಟಿ ಎಷ್ಟು ತಡವಾಗಿ ಓಗೊಡುತ್ತದೆ, ಎಷ್ಟು ಮೇಲೆ ಕೆಳಗೆ ತೂಗಾಡುತ್ತದೆ ಅಂತ ನೋಡಿಕೊಳ್ಳುತ್ತದಂತೆ. ಅದರಿಂದ ಮೂರು ನಂಬರು ಕಟ್ಟಿಕೊಳ್ಳುತ್ತದೆ. ಎಷ್ಟು ಜೋರಾಗಿ ನುಗ್ಗಬೇಕು, ಸ್ವಲ್ಪ ಕೊರತೆ ಉಳಿದರೆ ಎಷ್ಟು ಹೊತ್ತು ತಾಳಬೇಕು, ಗೆರೆ ಹತ್ತಿರ ಬರುವಾಗ ಎಷ್ಟು ಮುಂಚೆ ಕೈ ಹಿಂದೆ ತೆಗೆಯಬೇಕು. ಬಲ್ಬು ತಲೆ ಸವರಿಕೊಂಡು ಹೇಳಿದ, "ಅಮ್ಮಾ, ಈ ನಂಬರು ನೋಡಿದ್ರೆ ಇದು ಬಹಳ ಚುರುಕು ಭಟ್ಟಿ. ಇಷ್ಟು ದಪ್ಪ ಗೋಡೆಯ ಭಟ್ಟಿ ಇಷ್ಟು ಚುರುಕಾಗಿ ಇರೋಕೆ ಸಾಧ್ಯ ಇಲ್ಲ. ಅವತ್ತು ಇತ್ತು, ಇವತ್ತು ಇಲ್ಲ. ನನಗೇನೂ ತಿಳೀತಿಲ್ಲ."

ಹೊಸದಾಗಿ ಟ್ಯೂನ್ ಮಾಡಿಬಿಡಲೇ ಅಂತ ಅವನು ಅವತ್ತೇ ಕೇಳಿದ. ನಾನು ಬೇಡ ಅಂದೆ. ಅವರು ಇದ್ದಾಗ ಕೂತ ನಂಬರು, ಅವರು ಬಂದ ಮೇಲೆ ಮುಟ್ಟೋಣ ಅಂದೆ. ಅವನು ನನ್ನ ಮುಖ ನೋಡಿ ಚೀಲ ಎತ್ತಿಕೊಂಡ. ಅವನು ಹೋದ ಮೇಲೆ ನನ್ನ ಮೇಲೇ ನನಗೆ ಸಂಶಯ ಶುರುವಾಯಿತು. ಕುಡಿಕೆಗಳನ್ನು ಒತ್ತೊತ್ತಾಗಿ ಜೋಡಿಸಿದೆನೇ, ಮಣ್ಣು ಪೂರ್ತಿ ಒಣಗಿರಲಿಲ್ಲವೇ, ನನ್ನ ಕೈಗುಣವೇ ಸರಿಯಿಲ್ಲವೇ ಅಂತ. ಊಟ ಸೇರಲಿಲ್ಲ. ಇಷ್ಟಾದರೂ ನಿಮಗೆ ಬರೆಯಲಿಲ್ಲ, ಅಲ್ಲಿ ಮಲಗಿಕೊಂಡು ನೀವು ಭಟ್ಟಿಯ ಚಿಂತೆ ಮಾಡುವುದು ಬೇಡವೆಂದು.

ಕಥೆಯ ಗಂಟು ಬಿಚ್ಚಿದ್ದು ನಿಮ್ಮಕ್ಕ. ಈ ಸೋಮವಾರ ಹಿತ್ತಲಲ್ಲಿ ಇಬ್ಬರೂ ಕೂತು ಒಡೆದ, ಇನ್ನೂ ಬೇಯದ ಚೂರುಗಳನ್ನು ತೊಟ್ಟಿಯ ನೀರಿಗೆ ಹಾಕುತ್ತಿದ್ದೆವು, ಕರಗಿದರೆ ಮಣ್ಣಾದರೂ ಉಳಿಯಲಿ ಅಂತ. ನಾನು ಡಬ್ಬಿಯನ್ನು ಬೈಯುತ್ತಿದ್ದೆ. ಅವರು ತಲೆ ಎತ್ತದೆ ಅಂದರು, "ಅವನಿಲ್ದೆ ಅದು ಹೇಗೆ ನಿಲ್ಲುತ್ತೆ? ಡಬ್ಬಿ ಹಾಕಿದ ದಿನ ಆ ಬಲ್ಬು ಏನೋ ಮಾಡಿದ್ನಲ್ಲ, ಅವತ್ತಿಡೀ ತಮ್ಮ ಭಟ್ಟಿ ಹಿಂದೇನೇ ನಿಂತಿದ್ದ. ಇಟ್ಟಿಗೆ ಎಳೆಯೋದು, ತಳ್ಳೋದು, ಎಳೆಯೋದು, ತಳ್ಳೋದು. ನೀನು ಅವನಿಗೆ ಟೀ ಮಾಡ್ತಾ ಒಳಗಿದ್ದೆ." ಯಾವ ಇಟ್ಟಿಗೆ ಅಂತ ನಾನು ಕೂಗಿ ಕೂಗಿ ಕೇಳಬೇಕಾಯಿತು. "ಕಿಂಡಿ ಇಟ್ಟಿಗೆ" ಅಂದರು, ಇದೂ ಗೊತ್ತಿಲ್ಲವೇ ಅನ್ನುವ ಮುಖ ಮಾಡಿ. ನನಗೆ ಗೊತ್ತಿದೆ ಅಂತಲೇ ಅವರು ಇಷ್ಟು ದಿನ ಹೇಳಿರಲಿಲ್ಲ.

ಕೈ ತೊಳೆಯದೆ ಹಾಗೇ ಎದ್ದು ಹೋದೆ. ಭಟ್ಟಿಗೂ ಗೋಡೆಗೂ ನಡುವಿನ ಆ ಸಂದಿಗೆ ನಾನು ಯಾವತ್ತೂ ಹೋದವಳಲ್ಲ, ನೀವು ಬಿಟ್ಟರೆ ತಾನೇ. ನಿಮ್ಮ ಮೋಟು ಸ್ಟೂಲು ಅಲ್ಲೇ ಇದೆ. ಭಟ್ಟಿಯ ಬೆನ್ನಿಗಿರುವ ಗಾಳಿಕಿಂಡಿಯಲ್ಲಿ ಆ ಸಡಿಲ ಇಟ್ಟಿಗೆ, ಎಳೆದು ಎಳೆದು ಅಂಚೆಲ್ಲ ದುಂಡಗಾಗಿದೆ. ಹಿಡಿಯಲು ಮಡಚಿದ ಗೋಣಿತಟ್ಟು, ಹೆಬ್ಬೆರಳು ಕೂರುವ ಜಾಗದಲ್ಲಿ ಸುಟ್ಟು ಕಪ್ಪಾಗಿದೆ. ಗೋಡೆಯಲ್ಲಿ ನಿಮ್ಮ ಭುಜ ತಾಗುವ ಎತ್ತರಕ್ಕೆ ಸುಣ್ಣ ಹೋಗಿ ನಯವಾಗಿದೆ. ಸ್ಟೂಲಿನ ಮೇಲೆ ಕೂತು ಅತ್ತೆ. ಅತ್ತದ್ದು ದುಃಖಕ್ಕೋ ಸಿಟ್ಟಿಗೋ ಅಂತ ಕೇಳಿದರೆ ಹೇಳಲಾರೆ, ಎರಡೂ ಇತ್ತು.

ಟ್ಯೂನ್ ಮಾಡಿದ ದಿನ ಬಿಸಿ ಗೆರೆ ದಾಟಿದಾಗ ನೀವು ಇಟ್ಟಿಗೆ ಎಳೆದು ಆ ಬಿಸಿಯನ್ನು ಹೊರಗೆ ಬಿಟ್ಟಿರಿ, ಇಳಿದಾಗ ತಳ್ಳಿ ಮುಚ್ಚಿದಿರಿ. ಡಬ್ಬಿಗೆ ಏನು ಗೊತ್ತು ಪಾಪ, ಆಹಾ, ಹೇಳಿದ ತಕ್ಷಣ ಕೇಳುವ ಭಟ್ಟಿ ಅಂದುಕೊಂಡು ಅಷ್ಟು ಒರಟು ನಂಬರು ಕಟ್ಟಿಕೊಂಡಿತು. ಅದು ಭಟ್ಟಿಯನ್ನೂ ನಿಮ್ಮನ್ನೂ ಸೇರಿಸಿ ಒಂದೇ ಎಂದು ಲೆಕ್ಕ ಹಿಡಿದಿದೆ. ಅವತ್ತಿನಿಂದ ಪ್ರತಿ ಸಲವೂ ನೀವು ಹಿಂದೆ ಕೂತು ಅದೇ ಕೆಲಸ ಮಾಡುತ್ತಾ ಬಂದಿರಿ, ಹಾಗಾಗಿ ಯಾವ ತಪ್ಪೂ ಹೊರಗೆ ಕಾಣಲಿಲ್ಲ. ಯಾಕೆ ಅಲ್ಲಿ ಕೂರುತ್ತೀರಿ ಅಂದರೆ "ಹಿಂದೆ ಗಾಳಿ ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದಿರಿ. ಚೆನ್ನಾಗಿ ಗಾಳಿ ಬರುತ್ತಂತೆ! ಕಿಂಡಿಯ ಆವಿ, ಹೊಗೆ, ಧೂಳು ಎಲ್ಲ ನೇರ ಮುಖಕ್ಕೆ ಬರುವ ಜಾಗ ಅದು. ಡಾಕ್ಟರು ಅಷ್ಟು ಸಲ ಎಚ್ಚರಿಸಿದ ಮೇಲೂ ಅಲ್ಲಿ ಹೋಗಿ ಕೂತಿರಲ್ಲ. ಡಬ್ಬಿ ತರಿಸಿದ್ದೇ ನಿಮ್ಮನ್ನು ಆ ಭಟ್ಟಿಯಿಂದ ದೂರ ಇಡಲು ಅಂತ ನಿಮಗೆ ಗೊತ್ತಿರಲಿಲ್ಲವೇ?

ಡಬ್ಬಿಯನ್ನು ಸೋಲಿಸಬೇಕೆಂದು ಮಾಡಿದಿರೋ ಸಹಾಯ ಮಾಡಲು ಹೋದಿರೋ ಎಂದು ಯೋಚಿಸಿದೆ. ನಿಮ್ಮನ್ನು ಬಲ್ಲ ನನಗೆ ಅನ್ನಿಸುವುದು, ಸಹಾಯವೇ. ಯಾರಾದರೂ ತಡವರಿಸಿದರೆ ನಿಮಗೆ ನೋಡಿಕೊಂಡು ಇರಲು ಆಗುವುದಿಲ್ಲ. ಮಗಳಿಗೆ ಸೈಕಲ್ ಕಲಿಸುವಾಗ ಬೀಳುತ್ತಾಳೆಂದು ಹಿಂದಿನ ಸೀಟು ಹಿಡಿದುಕೊಂಡೇ ಬೀದಿಯುದ್ದಕ್ಕೂ ಓಡಿದಿರಿ, ಬಿಡಲೇ ಇಲ್ಲ. ಅವಳಿಗೆ ಇವತ್ತಿಗೂ ಸೈಕಲ್ ತುಳಿಯಲು ಬರುವುದಿಲ್ಲ. ನನ್ನ ವಿಷಯದಲ್ಲೂ ಅಷ್ಟೇ, ಭಾರದ್ದು ಎತ್ತಬೇಡ, ಬಿಸಿಯದು ಮುಟ್ಟಬೇಡ ಎನ್ನುತ್ತಾ ಭಟ್ಟಿಯ ಹತ್ತಿರಕ್ಕೇ ಬಿಡದೆ ಸಾಕಿದಿರಿ. ಈಗ ನೋಡಿ, ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೇನೆ.

ಮೊನ್ನೆ ಬುಧವಾರ ಒಂದು ಹುಚ್ಚು ಕೆಲಸ ಮಾಡಿದೆ. ನಿಮ್ಮ ಜಾಗದಲ್ಲಿ ನಾನೇ ಕೂತೆ. ಒಳಗೆ ನಾಲ್ಕಾರು ಕುಡಿಕೆ ಇಟ್ಟು, ಗುಂಡಿ ಒತ್ತಿ, ಗೋಣಿತಟ್ಟು ಹಿಡಿದು ಸ್ಟೂಲಿನ ಮೇಲೆ. ಅಲ್ಲಿಂದ ಡಬ್ಬಿಯ ಮುಖ ಕಾಣುವುದೇ ಇಲ್ಲ! ನಿಮಗೆ ಹೇಗೆ ತಿಳಿಯುತ್ತಿತ್ತು ಎಳೆಯುವ ಹೊತ್ತು? ಇಟ್ಟಿಗೆಯ ಹತ್ತಿರ ಕೆನ್ನೆ ಹಿಡಿಯುತ್ತಿದ್ದಿರಿ ಅಂತ ನಿಮ್ಮಕ್ಕ ಹೇಳಿದರು, ಹಿಡಿದೆ, ನನ್ನ ಕೆನ್ನೆಗೆ ಏನೂ ತಿಳಿಯಲಿಲ್ಲ, ಸುಟ್ಟಿತು ಅಷ್ಟೇ. ಮುಂದೆ ನಿಂತು ನಂಬರು ಓದಿ ಹೇಳಿ ಅಂತ ಅವರನ್ನು ನಿಲ್ಲಿಸಿದೆ. ನಾನು ಎಷ್ಟಾಯಿತು ಅಂತ ಕೂಗಿದ್ದು ಅವರಿಗೆ ಕೇಳಿಸಲಿಲ್ಲ, ಅವರು ಬೇಸತ್ತು ಹಿತ್ತಲಿಗೆ ಹೋದದ್ದು ನನಗೆ ತಿಳಿಯಲಿಲ್ಲ. ಕೆಲವು ಉಳಿದವು, ಕೆಲವು ಹೋದವು. ಆವಿ ಕುಡಿದು ಕೆಮ್ಮು ಹತ್ತಿತು, ಸಂದಿಯಿಂದ ಕೆಮ್ಮುತ್ತಲೇ ಹೊರಗೆ ಬಂದೆ. ಹಿತ್ತಲಲ್ಲಿ ಮಣ್ಣು ನಾದುತ್ತಿದ್ದ ನಿಮ್ಮಕ್ಕ, ಬಾಗಿಲು ಬಡಿದರೂ ಕೇಳಿಸದವರು, ಆ ಕೆಮ್ಮು ಕೇಳಿ ಅಲ್ಲಿಂದಲೇ "ಬಂದ್ಯೇನೋ?" ಅಂತ ಕೂಗಿದರು. ಆಮೇಲೆ ನನ್ನನ್ನು ನೋಡಿ ತಲೆ ತಗ್ಗಿಸಿ ನಾದತೊಡಗಿದರು. 

ಅವತ್ತೇ ನಿರ್ಧರಿಸಿದೆ. ನಾಳೆ ಬಲ್ಬು ಬರುತ್ತಾನೆ. ಕಿಂಡಿಗೆ ಅದೇ ಇಟ್ಟಿಗೆ ಇಟ್ಟು ಸುತ್ತ ಮಣ್ಣು ಮೆತ್ತಿ ಅಲುಗಾಡದ ಹಾಗೆ ಮುಚ್ಚುತ್ತೇನೆ. ಆವಿ ಹೋಗಲು ಮೇಲಿನ ಚಿಕ್ಕ ತೂತು ಸಾಕಂತೆ. ಆಮೇಲೆ ಮೊದಲಿನಿಂದ ಟ್ಯೂನ್. ಹಳೆಯ ನಂಬರು ಅಳಿಸಿ ಹೋಗುತ್ತದೆ. ನಿಮಗೆ ತಿಳಿಸದೆ ಮಾಡಬಾರದೆಂದು ಬರೆಯುತ್ತಿದ್ದೇನೆ, ಬೇಡ ಅಂದರೆ ನಿಲ್ಲಿಸುತ್ತೇನೆ ಅಂತೇನೂ ತಿಳಿಯಬೇಡಿ. ಆದರೂ ಹೇಳುತ್ತೇನೆ, ಇದು ಸುಲಭವಲ್ಲ. ನಿಮ್ಮ ಅಂಗಿಯನ್ನು ಒಗೆದು ಮಡಚಿಟ್ಟಾಗ ಇಷ್ಟು ಕಷ್ಟವಾಗಿರಲಿಲ್ಲ. ಈ ಮನೆಯಲ್ಲಿ ನೀವು ಇನ್ನೂ ಕೆಲಸ ಮಾಡುತ್ತಿರುವ ಒಂದೇ ಜಾಗ ಆ ನಂಬರು, ಅದನ್ನು ನಾನೇ ಕೈಯಾರೆ ಅಳಿಸಬೇಕು.

ಮನೆಗೆ ಯಾವಾಗ ಕಳಿಸುತ್ತಾರೆ ಅಂತ ಕೇಳಿಸಿದ್ದಿರಿ. ಡಾಕ್ಟರು ನೋಡೋಣ ಅಂದಿದ್ದಾರೆ. ಅದನ್ನು ಆಮೇಲೆ ಬರೆಯುತ್ತೇನೆ. ಗಂಜಿ ಸಪ್ಪೆ ಅಂತ ಹಾಗೇ ಬಿಡಬೇಡಿ, ಕಣ್ಣು ಮುಚ್ಚಿ ಕುಡಿದುಬಿಡಿ. ಕಿಟಕಿ ಪಕ್ಕದ ಹಾಸಿಗೆ ಖಾಲಿಯಾದರೆ ಕೇಳಿ ಹಾಕಿಸಿಕೊಳ್ಳಿ, ಸಂಕೋಚ ಬೇಡ. ನಿಮ್ಮಕ್ಕ ಆಶೀರ್ವಾದ ತಿಳಿಸಿದ್ದಾರೆ, ತಮ್ಮನಿಗೆ ಹಟ ಮಾಡಬೇಡ ಅನ್ನು ಅಂದರು. ಮಗಳು ಭಾನುವಾರ ಬಂದು ನೋಡುತ್ತಾಳಂತೆ, ಅವಳ ಮುಂದೆ ಎದ್ದು ಕೂರುವ ಸಾಹಸ ಮಾಡಬೇಡಿ. ಬಲ್ಬು ನಮಸ್ಕಾರ ಹೇಳಿದ್ದಾನೆ. ನೀವಿಟ್ಟ ಹೆಸರು ಅವನಿಗೆ ಗೊತ್ತಂತೆ, ಬೇಜಾರೇನೂ ಇಲ್ಲವಂತೆ.

ಇಂತಿ,
ಭಟ್ಟಿ ಮುಟ್ಟಲು ಬಿಡದೆ ನೀವು ಸಾಕಿದ
ನಿಮ್ಮವಳು

ತಾ. ಕ.: ಈ ಕಾಗದವನ್ನು ಟಪಾಲಿಗೆ ಹಾಕದೆ ಇಟ್ಟುಕೊಂಡೆ, ಕಥೆಯ ಕೊನೆ ತಿಳಿಯದೆ ಕಳಿಸುವುದು ಹೇಗೆ ಅಂತ. ಈಗ ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಟ್ಯೂನ್ ಆಯಿತು. ಖಾಲಿ ಭಟ್ಟಿ ತನ್ನ ಪಾಡಿಗೆ ತಾನು ಏರಿತು, ಇಳಿಯಿತು, ಎಷ್ಟು ತೂಗಾಡಿದರೂ ಯಾರೂ ಮುಟ್ಟಲಿಲ್ಲ. ಸಂದಿಗೆ ಹೋಗಿ ಏನಾದರೂ ಮಾಡಬೇಕೆಂದು ನನ್ನ ಕೈ ಚಡಪಡಿಸಿತು, ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಕೂತೆ. ಆಗ ನಿಮ್ಮ ಮೇಲಿದ್ದ ಸಿಟ್ಟು ಹೋಯಿತು. ಹೊಸ ನಂಬರುಗಳು ಮೆತ್ತಗಿವೆ. ಮುಚ್ಚಳದ ಸಮೇತ ಜಾಡಿ ಇಟ್ಟೆ. ಗೆರೆಯ ಹತ್ತಿರ ಬಂದು ಭಟ್ಟಿ ನಿಂತಿತು, ನಿಂತೇ ಇತ್ತು. ಇವತ್ತು ಬಾಗಿಲು ತೆರೆದೆ. ಜಾಡಿ ಇಡಿಯಾಗಿದೆ, ಒಂದು ಕೂದಲೆಳೆಯ ಬಿರುಕೂ ಇಲ್ಲ.

ಇನ್ನೊಂದು ಮಾತು. ನೀವು ಇನ್ನು ಮನೆಗೆ ಬರುವುದಿಲ್ಲ, ಹೆಚ್ಚು ದಿನವೂ ಇಲ್ಲ ಅಂತ ಕಳೆದ ಸಲ ನಾನು ಬಂದಾಗಲೇ ಡಾಕ್ಟರು ನನಗೆ ಹೇಳಿದ್ದರು. ನಿಮಗೆ ತಿಳಿಯಬಾರದೆಂದು ಇಟ್ಟುಕೊಂಡಿದ್ದೆ. ನಿಮಗೆ ಅದಕ್ಕೂ ಮುಂಚೆಯೇ ಹೇಳಿದ್ದಾರೆ, ನನಗೆ ತಿಳಿಯಬಾರದೆಂದು ನೀವು ಇಟ್ಟುಕೊಂಡಿದ್ದೀರಿ ಅಂತ ನಿನ್ನೆ ನರ್ಸ್ ಫೋನಿನಲ್ಲಿ ಬಾಯಿಬಿಟ್ಟಳು. ಸಾಕು ಬಿಡಿ ಇನ್ನು. ಭಟ್ಟಿಗೆ ಈಗ ಕಾವಲು ಬೇಕಿಲ್ಲ, ಗುಂಡಿ ಒತ್ತಿದರೆ ಆಯಿತು. ಉಳಿದ ಕುಡಿಕೆಗಳನ್ನು ಸುಡುವುದು ನಾನೇ ಅಂತ ನಿಮ್ಮಕ್ಕ ಗುಂಡಿ ಒತ್ತಲು ಕಲಿತು ಕೂತಿದ್ದಾರೆ, ಬಲ್ಬು ಬಂದು ಹೋಗಿ ಮಾಡುತ್ತಾನೆ. ಹಾಗಾಗಿ ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ವಾಪಸು ಬರುವ ದಿನ ಯಾರಿಗೂ ಹೇಳಿಲ್ಲ. ಜಾಡಿಯನ್ನು ಬಸ್ಸಿನಲ್ಲಿ ತರಲಾಗುವುದಿಲ್ಲ, ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದೇನೆ. ನಿಮ್ಮ ಕೈಗೆ ಕೊಡುತ್ತೇನೆ. ಬೆರಳಿನಿಂದ ತಟ್ಟಿ, ಸದ್ದು ಕೇಳಿ. ಮಾತಾಡಬೇಡಿ.